ಮೇಲಿನ ದನಿ

ನಟಿಸಬಾರದು. ನಮ್ಮ ಕಸುಬಿಗೆ ಇದೊಂದೇ ಕಟ್ಟಳೆ.
ರಾಜಕುಮಾರಿ ಚೀರಲಿ, ಕೋಟೆ ಕುಸಿಯಲಿ,
ರೈಲು ಎಷ್ಟು ಗಂಟೆಗೆಂದು ಹೇಳುವವನ ಹಾಗೆ
ಓದಿ ಮುಗಿಸಬೇಕು.
ಕೊಲೆಗಾರರಿಗೆ ದನಿಯಾದೆ, ಅವರನ್ನು ಹಿಡಿದವರಿಗೂ,
ಹಾವುಮೀನುಗಳ ಬಗ್ಗೆ ಒಂದು ಸಾಕ್ಷ್ಯಚಿತ್ರಕ್ಕೂ. ಅದು ನನಗಿಷ್ಟ.
ಹತ್ತೊಂಬತ್ತು ವರ್ಷ. ಗಂಟಲು ಒಂದೇ.

ಆ ಚಳಿಗಾಲ ಪೊಜ್ನಾನಿಗೆ ಆಮೆ ಬಂತು.
ಪ್ಲಾಸ್ಟಿಕ್ ಆಮೆ. ಗುಂಡಿ ಒತ್ತಿದರೆ ಚಿಪ್ಪು ತೆರೆದು
ಒಳಗೊಂದು ದೀಪ, ಸುತ್ತ ಹೆಸರುಬೇಳೆಯಷ್ಟೇ ಮನೆಗಳು,
ಹಾಗಂತ ಕೇಳಿದ್ದು.
ಆಟಿಕೆ ಮಾರಲೆಂದು ಕಥೆ ಕಟ್ಟಿದ್ದರು ದೂರದವರು.
ನಮ್ಮವರೆಗೆ ಬಂದದ್ದು ಕಥೆ ಮಾತ್ರ:
ಸಂತೆಯ ಮಡಚುಮೇಜಿನ ಮೇಲೆ,
ಹುಳಿಸೌತೆಯ ಪೀಪಾಯಿಯ ಪಕ್ಕ,
ನಕಲಿನ ನಕಲಿನ ನಕಲು ಕ್ಯಾಸೆಟ್ಟು.
ಅಷ್ಟರಲ್ಲಿ ಆಮೆಯ ಹಸಿರು ಬೂದಿಗೆ ತಿರುಗಿತ್ತು.

ಬೆನ್ನ ಮೇಲೆ ಊರು ಹೊತ್ತು ಅದು ನಡೆಯುತ್ತದೆ
ಬೆಳಗಿನ ಕಡಲಿನ ಕಡೆಗೆ. ಬೆಳಕು ತಿನ್ನುವ ನುಸಿರಾಣಿ
ಪ್ರತಿ ಕಂತಿಗೂ ಬೆನ್ನಟ್ಟುತ್ತಾಳೆ, ಸೋಲುತ್ತಾಳೆ, ಸಾಯುವುದಿಲ್ಲ.
ಅವಳ ಗೊಂಬೆಗಳೂ ಯಾವುದೋ ಗೋದಾಮಿನಲ್ಲಿ ರಾಶಿಬಿದ್ದಿರಬೇಕು.

ಆಮೆಯೂ ನಾನೇ, ನುಸಿರಾಣಿಯೂ ನಾನೇ,
ಗಡಿಯಾರದ ಮುಳ್ಳಿಗೆ ಜೋತುಬಿದ್ದ ಅವಳಿ ಮಕ್ಕಳೂ ನಾನೇ.
ಅಡಿಯಲ್ಲಿ ಮೂಲದವರ ಚಿಲಿಪಿಲಿ
ಹೆಪ್ಪುಗಟ್ಟಿದ ಹೊಳೆಯೊಳಗಿನ ನೀರಿನಂತೆ ಹರಿಯುತ್ತಿರುತ್ತದೆ;
ಮೇಲೆ ನಾನು ಬೂಟುಗಾಲಲ್ಲಿ ನಡೆದುಹೋಗುತ್ತೇನೆ.
ಸ್ಟುಡಿಯೋ ಅಂದರೆ ರಿಶಾರ್ಡನ ಮಲಗುವ ಕೋಣೆ,
ಕಿಟಕಿಗೆ ಕಂಬಳಿ, ಒಂದೇ ಟೇಕು.
ಒಂಬತ್ತನೇ ಕಂತಿನಲ್ಲಿ ಕೆಮ್ಮಿದೆ. ಹಾಗೇ ಉಳಿಯಿತು.

ಮೂರನೇ ಮಹಡಿಯ ಯಾಗೊದಾಳಿಗೆ ಆರು ವರ್ಷ.
ಅಕ್ರೋಟಿನ ಅರ್ಧ ಚಿಪ್ಪು, ನಾಲ್ಕು ಬೆಂಕಿಕಡ್ಡಿ,
ಚೆಸ್ಟ್‌ನಟ್ ತಲೆ: ಇದು ಅವಳ ಆಮೆ.
ಕೊರಳಿಗೆ ಕೆಂಪು ನೂಲು ಸುತ್ತಿದ್ದಳು, ಅದಕ್ಕೆ ನೆಗಡಿಯಂತೆ.
ಒಂದು ದಿನ ಮೆಟ್ಟಿಲಲ್ಲಿ ಅವಳಮ್ಮನಿಗೆ
"ಬಿಸಿನೀರು ನಾಳೆಯೂ ಇಲ್ಲವಂತೆ" ಎಂದೆ.
ಹುಡುಗಿ ತೆರೆದ ಬಾಯಿ ಮುಚ್ಚಲಿಲ್ಲ.
ಅಂದಿನಿಂದ ನನ್ನ ಕಂಡರೆ ಗೋಡೆಗಂಟಿ ದಾರಿ ಬಿಡುತ್ತಾಳೆ,
ನನ್ನ ಬೆನ್ನ ಮೇಲೆ ಏನೋ ಇದೆ, ಅಲುಗಾಡೀತು ಎಂಬಂತೆ.

ಮಾರ್ಚಿನಲ್ಲಿ ಡಸೆಲ್ಡಾರ್ಫಿನ ಚಿಕ್ಕಮ್ಮನ ಪಾರ್ಸೆಲ್ಲು:
ಕಾಫಿ, ಕಾಲುಚೀಲ, ಸಾಬೂನು ವಾಸನೆಯ ಚಾಕೊಲೇಟು,
ನಿಜವಾದ ಆಮೆ.
ರಾತ್ರಿ ಎಂಟಕ್ಕೆ ನನ್ನ ಬಾಗಿಲು ಬಡಿದಳು. ಮುಖ ಊದಿತ್ತು.
ಗುಂಡಿ ಒತ್ತಿದಳು. ಚಿಪ್ಪು ತೆರೆಯಿತು. ದೀಪ ಹತ್ತಿತು.
ಕೀಚಲು ಗಂಟಲಲ್ಲಿ ಯಾರದೋ ಭಾಷೆಯಲ್ಲಿ
ಆಮೆ ಏನೋ ಅಂದಿತು.

"ಇದು ಕೆಟ್ಟಿದೆ" ಅಂದಳು.
"ಅಡಿಯ ಸದ್ದು ಮಾತ್ರ ಇದೆ.
ಮೇಲಿನದು ಹಾಕೋದಕ್ಕೆ ಮರೆತಿದ್ದಾರೆ."

ಏನು ಹೇಳಲಿ. ಸ್ಕ್ರೂಡ್ರೈವರ್ ಹುಡುಕಿದೆ.
ಹೊಟ್ಟೆ ಬಿಚ್ಚಿ ಬ್ಯಾಟರಿ ತೆಗೆದೆ.
ಮೇಜಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು,
ಓದಲು ಏನೂ ಇಲ್ಲದಿದ್ದರೂ, ಓದಿದೆ:
"ಏಳುವ ಹೊತ್ತಾಯಿತು. ಕಡಲು ಇನ್ನೂ ದೂರ."
ರಿಪೇರಿ ಒಪ್ಪಿದ ಗಿರಾಕಿಯಂತೆ ತಲೆಯಾಡಿಸಿದಳು.
ದೀಪವೂ ಆರಿಹೋಗಿತ್ತು. ಅದನ್ನವಳು ಕೇಳಲಿಲ್ಲ.

ಕೇಳಿದ್ದು ಬೇರೆ: "ತಲುಪಿದರಾ?"

ಇಪ್ಪತ್ತಾರನೇ ಕಂತಿನ ಕೊನೆಗೆ ಆಮೆ
ಮರಳ ದಿಬ್ಬದ ಮೇಲಿದೆ, ಮುಂಗಾಲೊಂದು ಗಾಳಿಯಲ್ಲಿ.
ಮಾರಾಟ ಬಿದ್ದುಹೋಯಿತಂತೆ. ಇಪ್ಪತ್ತೇಳು ಇಲ್ಲ.
ಹತ್ತೊಂಬತ್ತು ವರ್ಷದಲ್ಲಿ ಕಾಗದದಲ್ಲಿಲ್ಲದ ಒಂದು ಪದ
ನನ್ನ ಬಾಯಿಂದ ಬಿದ್ದಿರಲಿಲ್ಲ.

"ತಲುಪಿದರು" ಎಂದೆ,
ರೈಲು ಎರಡನೇ ಪ್ಲಾಟ್‌ಫಾರ್ಮಿಗೆ ಬಂದಿದೆ ಎನ್ನುವ ಹಾಗೆ.
"ನುಸಿಯೂ?"
"ನುಸಿಯೂ. ಸ್ವಲ್ಪ ತಡವಾಗಿ."

ಬ್ಯಾಟರಿ ವಾಪಸು ಕೊಡಲಿಲ್ಲ. ಕೋಟಿನ ಜೇಬಿನಲ್ಲೇ ಇದೆ;
ಟ್ರಾಮಿನಲ್ಲಿ ಚಿಲ್ಲರೆ ತಡಕುವಾಗ
ಬೆರಳಿಗೆ ತಣ್ಣಗೆ ಸಿಗುತ್ತದೆ.